ಒಂದು ಇಂಚು ಎಂಟು ಸೆಂಟು

ಕಲ್ಲುಗುಡ್ಡೆ ಎಸ್ಟೇಟಿನಲ್ಲಿ ಮೂವತ್ತೆಂಟು ವರ್ಷ ರೈಟರ್ ಆಗಿದ್ದ ಸಿದ್ದಬಸಪ್ಪನವರು ತಮ್ಮ ಇಡೀ ಆಯುಷ್ಯದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ನಿವೃತ್ತಿಯಾದ ಮೇಲೆ, ಅರವತ್ತನೆಯ ವಯಸ್ಸಿನಲ್ಲಿ, ಅರ್ಧ ಮೂಡಿಗೆರೆಯ ಎದುರಿಗೆ. ಆ ಸುಳ್ಳಿನ ಕಥೆ ಹೇಳಬೇಕಾದರೆ ಮೊದಲು ಒಂದು ಮಜ್ಜಿಗೆ ಲೋಟದ ಕಥೆ ಹೇಳಬೇಕು. ಅದಕ್ಕೂ ಮೊದಲು ಅವರ ಹೆಂಡತಿ ಮುದ್ದಮ್ಮನವರಿಗೆ ಬಿದ್ದ ಅರ್ಧ ದಿನದ ಹಾಜರಿಯ ಕಥೆ ಹೇಳಬೇಕು.

ರೈಟರ್ ಅಂದರೆ ಕಥೆ ಕಾದಂಬರಿ ಬರೆಯುವವರಲ್ಲ. ಅವರಿಗೆ ಬೆಳಗ್ಗೆ ಐದು ಗಂಟೆ ಅನ್ನುವುದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. ಕಾಫಿ ತೋಟದ ರೈಟರ್ ಐದಕ್ಕೇ ಏಳಬೇಕು. ಆರೂವರೆಗೆ ಗಂಟೆ ಹೊಡೆಸಿ, ಆಳುಗಳ ಹೆಸರು ಕೂಗಿ ಹಾಜರಿ ಹಾಕಬೇಕು. ಎಂಟಕ್ಕೆ ಸರಿಯಾಗಿ ರೈನ್ ಗೇಜಿನಲ್ಲಿ ಬಿದ್ದ ಮಳೆ ಅಳೆದು ಸಾಹುಕಾರರಿಗೆ ಫೋನಿನಲ್ಲಿ ಒಪ್ಪಿಸಬೇಕು. ಆಮೇಲೆ ತೋಟ ಸುತ್ತಿ, ಕುಯಿಲಿನ ಕಾಲವಾದರೆ ಹಣ್ಣು ತೂಗಿ, ಕಣದಲ್ಲಿ ಒಣಗುವ ಬೀಜಕ್ಕೆ ಟಾರ್ಪಾಲು ಮುಚ್ಚಿಸಿ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಮುದ್ದಮ್ಮನವರು ಗಂಡನ ಮುಖವನ್ನು ಹಗಲು ಬೆಳಕಿನಲ್ಲಿ ನೆಟ್ಟಗೆ ನೋಡಿದ್ದು ಭಾನುವಾರಗಳಲ್ಲಿ ಮಾತ್ರ, ಅದೂ ಅವರು ಬಾಯಿ ತೆರೆದು ಮಲಗಿದ್ದಾಗ. ಮದುವೆಯಾಗಿ ಮೂವತ್ತೇಳು ವರ್ಷದಲ್ಲಿ ಆಕೆ ದೇವರಲ್ಲಿ ಬೇಡಿಕೊಂಡದ್ದು ದೊಡ್ಡದೇನಲ್ಲ. ಒಂದು ದಿನವಾದರೂ ಬೆಳಗ್ಗೆ ಇಬ್ಬರೂ ಎದುರುಬದುರು ಕೂತು, ಗಡಿಯಾರ ನೋಡದೆ, ಒಂದು ಲೋಟ ಕಾಫಿ ಕುಡಿಯಬೇಕು ಅಂತ.

ತೊಂಬತ್ತೆಂಟನೇ ಇಸವಿ ಜನವರಿ ಮೂವತ್ತೊಂದಕ್ಕೆ ಸಿದ್ದಬಸಪ್ಪನವರು ನಿವೃತ್ತರಾದರು. ಹಾರ ಹಾಕಿದರು, ಶಾಲು ಹೊದೆಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ನಾಳೆಯಿಂದ ಹೊತ್ತೇ ಹೋಗದ ಮನುಷ್ಯನಿಗೆ ಗಡಿಯಾರ ಕೊಡುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರನ್ನು ಒಮ್ಮೆ ನೋಡಬೇಕು. ಸಾಹುಕಾರರು ಪ್ರೀತಿಯಿಂದಲೇ ಕೇಳಿದರು, "ಇನ್ನೇನಾದ್ರೂ ಬೇಕಾ ಸಿದ್ದಬಸಪ್ಪ? ಸಂಕೋಚ ಬೇಡ."

ಸಿದ್ದಬಸಪ್ಪನವರು ಸಂಕೋಚದಿಂದಲೇ ಹೇಳಿದರು, "ಗೋಡೌನಲ್ಲಿ ಆ ಹಳೇ ರೈನ್ ಗೇಜ್ ಬಿದ್ದಿದೆಯಲ್ಲ ಸ್ವಾಮಿ, ಹೊಸದು ಬಂದಿದೆಯಲ್ಲ ಈಗ. ಅದನ್ನ ಕೊಡಿಸ್ತೀರಾ?"

ಹಾಗೆ ಶಾಲು, ಗಡಿಯಾರ ಮತ್ತು ಗೋಣಿಚೀಲದಲ್ಲಿ ಕಟ್ಟಿದ ತಾಮ್ರದ ರೈನ್ ಗೇಜಿನೊಂದಿಗೆ ದಂಪತಿಗಳು ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ವರ್ಷಕ್ಕೊಂದು ಗೋಡೆಯಂತೆ ಕಟ್ಟಿಸಿಕೊಂಡಿದ್ದ ತಮ್ಮ ತಾರಸಿ ಮನೆಗೆ ಬಂದು ಇಳಿದರು.

ಮಾರನೆಯ ದಿನ ಬೆಳಗ್ಗೆ ಆರೂವರೆಗೆ ನಡುಮನೆಯಿಂದ ಒಂದು ಕೂಗು ಕೇಳಿಸಿತು.

"ಮುದ್ದಮ್ಮ!"

ಮುದ್ದಮ್ಮನವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಎಂತ ಆಯ್ತು ರೀ?"

"ಎಂತದೂ ಆಗಿಲ್ಲ. ಬಂದಿದೀಯಾ ಅಂತ ನೋಡ್ದೆ."

"ಎಲ್ಲಿಂದ ಬರ್ಬೇಕು ನಾನು? ಮೂವತ್ತೇಳು ವರ್ಷದಿಂದ ನಿಮ್ಮನೇಲೇ ಇದೀನಲ್ಲ!"

"ಹಾಗಾದ್ರೆ ಸರಿ," ಎಂದು ಸಿದ್ದಬಸಪ್ಪನವರು ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕಿಕೊಂಡರು.

ಮಾರನೆಯ ದಿನವೇ ಆ ಪುಸ್ತಕಕ್ಕೆ ಹಾಲಿನ ಚಿಕ್ಕಯ್ಯನ ಹೆಸರೂ ಸೇರಿತು. ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ ಅವನಿಗೆ "ನಾಳೆ ಹೀಗಾದ್ರೆ ಅರ್ಧ ದಿನ ಹಾಕ್ತೀನಿ" ಎಂಬ ಎಚ್ಚರಿಕೆ ಸಿಕ್ಕಿತು. ಚಿಕ್ಕಯ್ಯ ಹೆದರಲಿಲ್ಲ, ಗೊಂದಲಕ್ಕೆ ಬಿದ್ದ. "ಅಮ್ಮಾ, ಅರ್ಧ ದಿನ ಅಂದ್ರೆ ನಾಳೆಯಿಂದ ಅರ್ಧ ಲೀಟ್ರು ಸಾಕಾ?" ಎಂದು ಮುದ್ದಮ್ಮನವರನ್ನು ಗುಟ್ಟಾಗಿ ಕೇಳಿದ.

ಅನಾಹುತ ಆದದ್ದು ಮೂರನೆಯ ದಿನ. ಎದುರುಮನೆಯ ಸರೋಜಮ್ಮ ಅರಿಶಿನ ಕುಂಕುಮಕ್ಕೆ ಕರೆದರು ಅಂತ ಹೋದ ಮುದ್ದಮ್ಮನವರು ಎರಡು ಗಂಟೆ ಹೊತ್ತು ಮಾತಾಡಿ ಬಂದರು. ಬಂದು ನೋಡಿದರೆ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ದುಂಡಗೆ 'ಅರ್ಧ' ಎಂದು ಬರೆದಿತ್ತು. ಮಧ್ಯಾಹ್ನ ಗಂಡನ ತಟ್ಟೆಗೆ ಅನ್ನ ಬಡಿಸಿ ಕೈ ತೊಳೆದುಕೊಂಡರು.

"ಸಾರು?" ಎಂದರು ಸಿದ್ದಬಸಪ್ಪನವರು.

"ಅದು ಉಳಿದರ್ಧ ದಿನದ ಕೆಲಸ. ನಂಗೆ ಹಾಜರಿ ಎಲ್ಲಿದೆ?"

"ಮತ್ತೆ ನಾನು ಹೇಗೆ ಉಣ್ಲಿ?"

"ಉಪ್ಪಿನಕಾಯಿ ಹಾಕ್ಕೊಳ್ಳಿ. ಅದು ಹೋದ ವರ್ಷದ ಕೆಲಸ."

ಆ ಸಂಜೆಗೆ ಹಾಜರಿ ಪುಸ್ತಕ ಅಟ್ಟ ಸೇರಿತು. ಮುದ್ದಮ್ಮನವರು ಗೆದ್ದರು. ಆದರೆ ಗೆದ್ದು ಏನು ಬಂತು? ಸಿದ್ದಬಸಪ್ಪನವರು ಹೊಸ ಗಡಿಯಾರದ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರೆ ಕೂತೇ ಇರುತ್ತಿದ್ದರು. ಆರೂವರೆ ಆದಾಗ ಎದ್ದು ನಿಂತು, ಎಲ್ಲಿಗೆ ಅಂತ ನೆನಪಾಗದೆ, ಮತ್ತೆ ಕೂರುತ್ತಿದ್ದರು. ಎದುರಿಗೆ ಕಾಫಿ ತಂದಿಟ್ಟರೆ ಎರಡೇ ಗುಟುಕಿಗೆ ಕುಡಿದು ಲೋಟ ಕೆಳಗಿಡುತ್ತಿದ್ದರು, ಹೊರಗೆ ಆಳುಗಳು ಕಾಯುತ್ತಿದ್ದಾರೇನೋ ಅನ್ನುವ ಹಾಗೆ. "ಗಂಡ ಮನೇಲಿ ಇರಲ್ಲ ಅಂತ ಮೂವತ್ತೇಳು ವರ್ಷ ಅಳ್ತಿದ್ದೆ ಸರೋಜಮ್ಮ, ಈಗ ಮನೇಲಿ ಇದ್ದೂ ಇಲ್ಲ," ಎಂದು ಮುದ್ದಮ್ಮನವರು ಎದುರುಮನೆಯಲ್ಲಿ ಕಣ್ಣೊರೆಸಿಕೊಂಡರು. ಮನೆಗೆ ಬಂದವರೇ ಮೂಲೆಯ ಗೋಣಿಚೀಲ ಬಿಚ್ಚಿ ರೈನ್ ಗೇಜನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಗಂಡನ ತೊಡೆಯ ಮೇಲಿಟ್ಟರು.

"ಇದನ್ನ ಯಾಕೆ ತಂದ್ರಿ ಮತ್ತೆ? ತಾರಸಿ ಮೇಲೆ ಇಡಿ ಹೋಗಿ."

ಫೆಬ್ರವರಿ ಎಂಟನೇ ತಾರೀಖು ತಾರಸಿಯ ನಟ್ಟನಡುವೆ, ಮಟ್ಟಗೋಲು ಹಿಡಿದು, ರೈನ್ ಗೇಜಿನ ಪ್ರತಿಷ್ಠಾಪನೆ ಆಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಕಾಫಿ ನಾಡಿನಲ್ಲಿ ಇಬ್ಬರು ಎದುರಾದರೆ ಊಟ ಆಯ್ತಾ ಅಂತ ಕೇಳುವುದು ಆಮೇಲೆ. ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟಾಯ್ತು?" ಅಂತ. ಉತ್ತರವನ್ನು ಇಂಚು, ಸೆಂಟುಗಳಲ್ಲೇ ಕೊಡಬೇಕು. ನೂರು ಸೆಂಟಿಗೆ ಒಂದು ಇಂಚು. ಅದರಲ್ಲೂ ಫೆಬ್ರವರಿ ಮಾರ್ಚಿನ ಹೂಮಳೆ ಒಂದು ಇಂಚು ಬಿತ್ತು ಅಂದರೆ ಒಂಬತ್ತು ದಿನಕ್ಕೆ ತೋಟ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ಪಂಪು ಇಟ್ಟು, ಜೆಟ್ ತಿರುಗಿಸಿ, ಹೊಳೆ ನೀರನ್ನೇ ಮಳೆ ಮಾಡಿ ಸುರಿಸಬೇಕು. ಇನ್ನೂ ಒಂದು ವಿಷಯ. ಈ ಹೂಮಳೆಗೆ ನ್ಯಾಯ ನೀತಿ ಇಲ್ಲ. ರಸ್ತೆಯ ಆಚೆ ಒಂದೂವರೆ ಇಂಚು ಸುರಿದು ಈಚೆ ಧೂಳೂ ನೆನೆಯದೆ ಹೋದದ್ದುಂಟು. ಆದ್ದರಿಂದ ಈ ಸೀಮೆಯ ಜನ ಮನುಷ್ಯರ ಮಾತನ್ನು ಎಷ್ಟಾದರೂ ಅನುಮಾನಿಸುತ್ತಾರೆ, ಗೇಜಿನ ಮಾತನ್ನು ಅನುಮಾನಿಸುವುದಿಲ್ಲ.

ದಿನಾ ಎಂಟಕ್ಕೆ ಐದು ನಿಮಿಷ ಇರುವಾಗ ಸಿದ್ದಬಸಪ್ಪನವರು ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಬಗಲಲ್ಲಿ ಮಳೆ ಪುಸ್ತಕ ಇಟ್ಟುಕೊಂಡು ತಾರಸಿ ಹತ್ತುತ್ತಿದ್ದರು. ಪಕ್ಕದ ಮನೆಯ ಸುಬ್ಬಣ್ಣಗೌಡರು ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದರು. ಗೌಡರಿಗೆ ಊರಾಚೆ ಮೂರು ಮೈಲಿ ದೂರದಲ್ಲಿ ಹನ್ನೆರಡು ಎಕರೆ ರೊಬಸ್ಟಾ ತೋಟ.

"ಎಷ್ಟಾಯ್ತು ರೈಟ್ರೇ?"

"ಸೊನ್ನೆ ಗೌಡ್ರೇ."

ಒಂದು ದಿನ ಸೊನ್ನೆ, ಎರಡು ದಿನ ಸೊನ್ನೆ. ಮಾರ್ಚ್ ಇಪ್ಪತ್ತಕ್ಕೆ ಪುಸ್ತಕದಲ್ಲಿ ನಲವತ್ತೊಂದು ಸೊನ್ನೆಗಳಾದವು. ಹತ್ತುವಾಗ ನೆಟ್ಟಗಿದ್ದ ಬೆನ್ನು ಇಳಿಯುವಾಗ ದಿನಾ ಒಂದಿಷ್ಟು ಬಾಗುತ್ತಿತ್ತು. ಅವತ್ತು ಸಂಜೆ ಚಾರ್ಮಾಡಿ ಕಡೆಯಿಂದ ಮೋಡ ಏರಿ ಬಂತು, ಎರಡು ಸಲ ಗುಡುಗಿತು. ಸಿದ್ದಬಸಪ್ಪನವರು ತಾರಸಿಯ ಮೇಲೆ ಮುಗಿಲಿಗೆ ಮುಖ ಕೊಟ್ಟು ನಿಂತರು. ಒಂದು ಹನಿ ಬೀಳಲಿಲ್ಲ. ಕೆಳಗೆ ಬಂದು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು, ಕಿವಿಗೆ ಹತ್ತಿ ತುರುಕಿಕೊಂಡು, ಮಫ್ಲರ್ ಸುತ್ತಿ ಮಲಗಿಬಿಟ್ಟರು. ಬಿಟ್ಟ ಆ ಅರ್ಧ ರೊಟ್ಟಿಯ ಮೇಲೆ ಮುದ್ದಮ್ಮನವರು ತಟ್ಟೆ ಮುಚ್ಚಿಟ್ಟರು.

ಮಾರನೆಯ ಬೆಳಗ್ಗೆ ಗಂಡ ಲಿಂಗಪೂಜೆಗೆ ಕೂತಿದ್ದಾಗ ಮುದ್ದಮ್ಮನವರು ಒಂದು ನಿರ್ಧಾರಕ್ಕೆ ಬಂದರು. ಎರಡು ಕೊಡ ನೀರು ಹೊತ್ತು ತಂದು ತಾರಸಿಗೆಲ್ಲ ಚೆಲ್ಲಿದರು. ಆಮೇಲೆ ಕೈಗೆ ಸಿಕ್ಕ ದೊಡ್ಡ ಮಜ್ಜಿಗೆ ಲೋಟದಲ್ಲಿ ನೀರು ತುಂಬಿ ರೈನ್ ಗೇಜಿನ ಬಾಯಿಗೆ ಹೊಯ್ದರು. ಅವರ ಲೆಕ್ಕದಲ್ಲಿ ಅದು ಐದು ಸೆಂಟು, ಹೆಚ್ಚೆಂದರೆ ಹತ್ತು. ಪಾಪದವರು, ಮೂವತ್ತೇಳು ವರ್ಷ ರೈಟರ್ ಮನೆಯಲ್ಲಿ ಬಾಳಿದರೂ ಆ ಸಣ್ಣ ಬಾಯಿಯ ಡಬ್ಬಿಯಲ್ಲಿ ಒಂದು ದೊಡ್ಡ ಲೋಟ ಅಂದರೆ ಒಂದು ಇಂಚಿನ ಮೇಲೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಲೋಟವನ್ನು ಅವಸರದಲ್ಲಿ ಸರಿಯಾಗಿ ತೊಳೆದೂ ಇರಲಿಲ್ಲ.

ಎಂಟು ಗಂಟೆಗೆ ತಾರಸಿಯಿಂದ ಬಂದ ಕೂಗಿಗೆ ಮುದ್ದಮ್ಮನವರು, ಗಂಡ ಬಿದ್ದೇ ಹೋದರು ಅಂದುಕೊಂಡು ಮೆಟ್ಟಿಲು ಹತ್ತಿದರು. ಸಿದ್ದಬಸಪ್ಪನವರು ಬಿದ್ದಿರಲಿಲ್ಲ. ಅಳತೆ ಗ್ಲಾಸನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಅರ್ಧ ಇಂಚಿನ ಗ್ಲಾಸು ಅದು. ಒಂದು ಸಲ ತುಂಬಿತ್ತು, ಎರಡು ಸಲ ತುಂಬಿತ್ತು, ಅದರ ಮೇಲೆ ಎಂಟು ಸೆಂಟು.

"ಒಂದು ಇಂಚು ಎಂಟು ಸೆಂಟು ಮುದ್ದಮ್ಮ! ರಾತ್ರಿ ನಿಂಗೆ ಕೇಳ್ಸಿತಾ?"

"ನಂಗೆ... ನಿದ್ದೆ ಹತ್ತಿತ್ತು," ಎಂದರು ಮುದ್ದಮ್ಮನವರು. ಅದು ಸುಳ್ಳಲ್ಲ.

ಸಿದ್ದಬಸಪ್ಪನವರು ಮೂರು ಸಲ ಅಳೆದರು. ನೀರಿನಲ್ಲಿ ಒಂದು ಎಲೆಯ ಚೂರು, ಎರಡು ಕಪ್ಪು ಕಾಳು ಇದ್ದವು. ಪುಸ್ತಕದ ಷರಾ ಕಾಲಮ್ಮಿನಲ್ಲಿ 'ಗಾಳಿ ಸಹಿತ' ಎಂದು ಬರೆದರು. ವರ್ಷದ ಮೊದಲ ಹೂಮಳೆಯ ನೀರನ್ನು ಅವರು ಯಾವಾಗಲೂ ಚೆಲ್ಲುತ್ತಿರಲಿಲ್ಲ. ತಾಮ್ರದ ಚೊಂಬಿಗೆ ಹುಯ್ದು ದೇವರ ಮುಂದೆ ಇಡುವುದು ವಾಡಿಕೆ. ಹಾಗೇ ಇಟ್ಟು ಕೈ ಮುಗಿದರು.

"ಎಷ್ಟಾಯ್ತು ರೈಟ್ರೇ?" ಎಂದು ಕಾಂಪೌಂಡಿನ ಆಚೆಯಿಂದ ದಿನದ ಪ್ರಶ್ನೆ ಬಂತು.

"ಒಂದು ಇಂಚು ಎಂಟು ಸೆಂಟು ಗೌಡ್ರೇ!"

ಸುಬ್ಬಣ್ಣಗೌಡರು ತಮ್ಮ ಒಣ ಅಂಗಳ ನೋಡಿದರು, ಎದುರಿನ ಒಣ ಬೀದಿ ನೋಡಿದರು, ಸಿದ್ದಬಸಪ್ಪನವರ ತಾರಸಿಯ ತೂಬಿನಿಂದ ತೊಟ್ಟಿಕ್ಕುವ ನೀರನ್ನು ನೋಡಿದರು. "ನಮ್ಮಲ್ಲಿ ಬಿದ್ದಿಲ್ಲ, ನಿಮ್ಮಲ್ಲಿ ಬಿದ್ದಿದೆ. ಅಂದ್ರೆ ಮಳೆ ನಿಮ್ಮ ಕಡೆಯಿಂದಲೇ ಬಂದಿರೋದು. ನನ್ನ ತೋಟ ಇರೋದೂ ಅದೇ ದಿಕ್ಕಿಗೆ. ಗೆದ್ದೆ ಮಾರಾಯ್ರೆ!" ಎಂದು ಅಲ್ಲೇ ಕುಣಿದರು.

ಅವರು ಕುಣಿದದ್ದಕ್ಕೆ ಕಾರಣ ಇತ್ತು. ಮೂರು ಜನ ಬೆಳೆಗಾರರು ಸೇರಿ ಇಟ್ಟುಕೊಂಡಿದ್ದ ಡೀಸೆಲ್ ಪಂಪು ಆ ದಿನ ಗೌಡರ ಸರದಿಗೆ ಬಂದು ಅಂಗಳದಲ್ಲಿ ನಿಂತಿತ್ತು. ಮುಂದಿನ ಸರದಿ ಜವಳಿ ಅಂಗಡಿಯ ಪ್ರಸನ್ನಕುಮಾರನದು. ಅವನು ಬೆಳಗ್ಗೆಯೇ ಜೀಪು ತಂದು, "ಒಂದಿನ ಮೊದಲು ಕೊಡ್ರಣ್ಣ, ನಮ್ಮಲ್ಲಿ ಮೊಗ್ಗು ಒಣಗ್ತಾ ಇದೆ," ಎಂದು ಗೋಗರೆಯುತ್ತಿದ್ದ. "ತಗೊಂಡು ಹೋಗೋ ಮಾರಾಯ! ನಂಗೆ ದೇವರೇ ಜೆಟ್ ಹಾಕಿದಾನೆ," ಎಂದು ಗೌಡರು ಪಂಪನ್ನು ಜೀಪಿಗೆ ಕಟ್ಟಿಸಿ ಕಳಿಸಿಯೇ ಬಿಟ್ಟರು.

ಒಂಬತ್ತು ಗಂಟೆಗೆ ಸುದ್ದಿ ಬೀದಿಯಲ್ಲಿತ್ತು. ಸರೋಜಮ್ಮ ತಾರಸಿಯ ಮೇಲೆ ರಾತ್ರಿಯಿಡೀ ಬಿಟ್ಟಿದ್ದ ಸೀರೆಗಳನ್ನು ಮುಟ್ಟಿ ನೋಡಿದರು. ಗರಿಗರಿ ಒಣಗಿದ್ದವು. "ಎದುರುಮನೆಗೆ ಒಂದು ಇಂಚು, ನಮ್ಮನೆಗೆ ಒಂದು ಹನಿ ಇಲ್ಲ! ಬಾಗಿಲು ದಕ್ಷಿಣಕ್ಕೆ ಇಡಬೇಡಿ ಅಂತ ಅವತ್ತೇ ಬಡ್ಕೊಂಡೆ, ನನ್ನ ಮಾತು ಯಾರು ಕೇಳ್ತೀರಿ?" ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡರು. ಮಳೆ ಬಂದೇ ಇಲ್ಲದಿರಬಹುದು ಎಂಬ ಯೋಚನೆ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ರೈಟರ್ ಸಿದ್ದಬಸಪ್ಪ ಅಳೆದ ಮೇಲೆ ಮಳೆ ಬಂದಿರಲೇಬೇಕು. ನಮ್ಮ ತಲೆ ನೆನೆದಿಲ್ಲ ಅಂದರೆ ಅದು ತಲೆಯದೇ ತಪ್ಪು.

ಫೋನು ಹೊಡೆದುಕೊಳ್ಳತೊಡಗಿತು. ಬೆಳೆಗಾರರು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಕಳಸದಿಂದ ಮಗಳು ಧನ್ಯಾ ಕೇಳಿದಳು. ಕಲ್ಲುಗುಡ್ಡೆಯ ಸಾಹುಕಾರರೇ ಫೋನ್ ಮಾಡಿ, "ನಮ್ಮ ಹೊಸ ಗೇಜು ಸೊನ್ನೆ ತೋರಿಸ್ತಿದೆ, ನಿಮ್ಮ ಹಳೇದು ಭಾಗ್ಯವಂತ ಕಣ್ರಿ," ಎಂದರು. ಹನ್ನೊಂದು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ಮಳೆ ಎರಡು ಇಂಚಾಯಿತು. ಹನ್ನೆರಡಕ್ಕೆ ಕೊಟ್ಟಿಗೆಹಾರದಲ್ಲಿ ಆಲಿಕಲ್ಲು ಬಿದ್ದು, ಬಣಕಲ್ಲಿನಲ್ಲಿ ಮರ ಉರುಳಿತು. ಸಿದ್ದಬಸಪ್ಪನವರಿಗೆ ಸಿಟ್ಟು ಬಂತು. "ಎರಡು ಅಲ್ಲ, ಒಂದು ಇಂಚು ಎಂಟು ಸೆಂಟು ಅಂತ ಹೇಳು ಅವರಿಗೆ. ಮಳೆ ವಿಷಯದಲ್ಲಿ ಸುಳ್ಳು ಹೇಳ್ಬಾರ್ದು," ಎಂದು ಚಿಕ್ಕಯ್ಯನ ಕೈಯಲ್ಲಿ ಬಸ್‌ಸ್ಟ್ಯಾಂಡಿಗೆ ತಿದ್ದುಪಡಿ ಕಳಿಸಿದರು.

ಮುದ್ದಮ್ಮನವರು ಮೂರು ಸಲ ಹೇಳಲು ಹೋದರು. ಮೊದಲ ಸಲ ಫೋನು ಬಂತು. ಎರಡನೆಯ ಸಲ ಯಾರೋ ಗೇಜು ನೋಡಲು ಬಂದರು. ಮೂರನೆಯ ಸಲ, ಊಟಕ್ಕೆ ಬಡಿಸುವಾಗ, "ರೀ, ಒಂದು ಮಾತು ಹೇಳ್ಬೇಕಿತ್ತು," ಎಂದು ಶುರು ಮಾಡಿದರು. ಸಿದ್ದಬಸಪ್ಪನವರು ಮೂರನೆಯ ರೊಟ್ಟಿ ಮುರಿಯುತ್ತಿದ್ದರು.

"ಮೊದಲು ನಾನೊಂದು ಹೇಳ್ತೀನಿ," ಎಂದರು. "ಈ ಎರಡು ತಿಂಗಳು ನಂಗೆ ನಾನು ಸತ್ತೇ ಹೋಗಿದೀನಿ, ಯಾರೂ ಹೇಳಿಲ್ಲ ಅಷ್ಟೇ ಅನ್ನಿಸ್ತಿತ್ತು. ಇವತ್ತು ಇನ್ನೂ ಇದೀನಿ ಅನ್ನಿಸ್ತು ಮುದ್ದಮ್ಮ. ಈಗ ಹೇಳು, ನಿಂದೆಂತದು?"

"ಎಂತದೂ ಇಲ್ಲ. ಇನ್ನೊಂದು ರೊಟ್ಟಿ ಹಾಕ್ಲಾ ಅಂತ," ಎಂದು ಮುದ್ದಮ್ಮನವರು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಎರಡೂವರೆಗೆ ಗೌಡರ ತೋಟದ ಮೇಸ್ತ್ರಿ ಕೆಂಚಯ್ಯ ಮೂರು ಮೈಲಿ ನಡೆದು ಬಂದ. ಮೊಣಕಾಲಿನವರೆಗೆ ಕೆಂಪು ಧೂಳು.

"ಅಯ್ಯಾ, ಪಂಪು ಎಲ್ಲಿ? ಬೆಳಗ್ಗೆಯಿಂದ ಪೈಪು ಜೋಡ್ಸಿಟ್ಟು ಕಾಯ್ತಾ ಇದೀವಿ."

"ಮಳೆ ಬಂದ್ಮೇಲೆ ಪಂಪು ಯಾಕೋ?"

"ಎಲ್ಲಿ ಮಳೆ ಅಯ್ಯಾ?"

"ನಮ್ಮ ತೋಟದಲ್ಲೇ ಕಣೋ! ಒಂದು ಇಂಚು ಎಂಟು ಸೆಂಟು."

ಕೆಂಚಯ್ಯ ತನ್ನ ಕಾಲು ನೋಡಿಕೊಂಡ. "ನಾನು ಅಲ್ಲಿಂದಲೇ ಬರ್ತಾ ಇರೋದು."

"ನಿನ್ನ ಕಣ್ಣು ಸರಿ ಇಲ್ಲ. ರೈಟ್ರು ಗೇಜಿಟ್ಟು ಅಳೆದಿದಾರೆ. ಬಾ, ಅವರ ಬಾಯಲ್ಲೇ ಕೇಳುವಂತೆ," ಎಂದು ಗೌಡರು ಅವನನ್ನು ಎಳೆದುಕೊಂಡು ಪಕ್ಕದ ಮನೆಗೆ ನಡೆದರು. ಆದರೆ ಆ ಕೆಂಪು ಧೂಳು ಅವರ ಎದೆಯೊಳಗೂ ಸ್ವಲ್ಪ ಹಾರಿತ್ತು. ಪಂಪು ಹೋಗಿ, ಮಳೆಯೂ ಇಲ್ಲ ಅಂದರೆ ಈ ಸಲದ ಹೂವು ಮುಗಿಯಿತು, ಹೂವು ಮುಗಿದರೆ ವರ್ಷವೇ ಮುಗಿಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ಒಂದು ಸ್ಕೂಟರ್ ನಿಂತಿತು. ಇಳಿದವರು ಕಾಫಿ ಕಛೇರಿಯ ಅಧಿಕಾರಿ ನಾಗೇಶ ಅವರು. ಕನ್ನಡಕ, ಕೈಯಲ್ಲಿ ಫೈಲು. ತಾಲ್ಲೂಕಿನ ಅಷ್ಟೂ ಗೇಜುಗಳು ಸೊನ್ನೆ ತೋರಿಸಿ ಒಂದು ಮಾತ್ರ ಇಂಚು ದಾಟಿದರೆ ನೋಡಿ ಹೋಗಬೇಕಲ್ಲ. ಅವರ ಹಿಂದೆ ಬೀದಿಯೂ ಒಳಗೆ ಬಂತು. ಸರೋಜಮ್ಮ ಎಲ್ಲರಿಗಿಂತ ಮುಂದೆ ಬಂದು ನಿಂತರು.

"ನೀರು ಚೆಲ್ಲಿಬಿಟ್ರಾ?" ಎಂದರು ನಾಗೇಶ.

"ಚೆಲ್ಲೋದುಂಟಾ ಸಾರ್!" ಎಂದು ಸಿದ್ದಬಸಪ್ಪನವರು ದೇವರ ಮುಂದಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

ನಾಗೇಶ ಚೊಂಬನ್ನು ಬೆಳಕಿಗೆ ಓರೆ ಮಾಡಿದರು. ಮೂಗಿನ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು.

"ಮಳೆಗೆ ಇಂಗಿನ ವಾಸನೆ ಬರ್ತಿದೆಯಲ್ಲ?"

"ಮೊದಲ ಮಳೆ ಸಾರ್, ಮಣ್ಣಿನ ವಾಸನೆ ಇರುತ್ತೆ," ಎಂದು ಗೌಡರು ಆತುರದಿಂದ ಹೇಳಿದರು.

ನಾಗೇಶ ಬೆರಳದ್ದಿ ಎಲೆಯ ಚೂರನ್ನು ತೆಗೆದರು. "ಇದು ಕರಿಬೇವು."

"ಗಾಳಿ ಇತ್ತು ಸಾರ್. ಷರಾದಲ್ಲಿ ಬರೆದಿದೀನಿ," ಎಂದರು ಸಿದ್ದಬಸಪ್ಪನವರು.

ನಾಗೇಶ ಒಂದು ಕಪ್ಪು ಕಾಳನ್ನು ಅಂಗೈಯ ಮೇಲೆ ಇಟ್ಟುಕೊಂಡು ಕನ್ನಡಕ ಮೇಲೆತ್ತಿ ನೋಡಿದರು. "ಇದು ಸಾಸಿವೆ. ಸಾಸಿವೆಯೂ ಗಾಳಿಗೆ ಹಾರಿ ಬಂತು ಅಂತ ಇಟ್ಟುಕೊಳ್ಳೋಣ. ಆದ್ರೆ ರೈಟ್ರೇ, ಇದು ಸಿಡಿದಿದೆ."

ಮೋಡದಲ್ಲಿ ಗುಡುಗು ಇರುತ್ತದೆ, ಮಿಂಚು ಇರುತ್ತದೆ. ಒಗ್ಗರಣೆ ಇರುವುದಿಲ್ಲ. ಅಷ್ಟು ವಿಜ್ಞಾನ ಎಲ್ಲರಿಗೂ ಗೊತ್ತಿತ್ತು.

ಸಿದ್ದಬಸಪ್ಪನವರು ನಿಧಾನವಾಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಮುದ್ದಮ್ಮನವರು ಚೌಕಟ್ಟು ಹಿಡಿದು ನಿಂತಿದ್ದರು. ಅವರ ಹಿಂದೆ ಗೂಡಿನಲ್ಲಿ ದೊಡ್ಡ ಮಜ್ಜಿಗೆ ಲೋಟ ಬೋರಲು ಹಾಕಿತ್ತು. ಬೆಳಗ್ಗೆ ತಾರಸಿಯ ಮೆಟ್ಟಿಲ ಮೇಲೆ ಕಂಡಿದ್ದ ಒದ್ದೆ ಹೆಜ್ಜೆಗಳು, 'ನಂಗೆ ನಿದ್ದೆ ಹತ್ತಿತ್ತು' ಅನ್ನುವಾಗ ತಗ್ಗಿದ ಆ ಕಣ್ಣು, ಹೇಳದೆ ಉಳಿದ ಆ ಒಂದು ಮಾತು, ಎಲ್ಲ ಒಂದೇ ಸಲಕ್ಕೆ ಅವರಿಗೆ ಅರ್ಥವಾಯಿತು. ಆಕೆ ಬಾಯಿ ತೆರೆದರು. "ಅದು... ನಾನೇ—"

"ನಾನೇ!" ಎಂದು ಸಿದ್ದಬಸಪ್ಪನವರು ಹಾಜರಿ ಕೂಗುವ ಗಂಟಲಲ್ಲಿ ಕೂಗಿದರು. "ನಾನೇ ಸಾರ್. ಗೇಜು ಹಳೇದು, ಎಲ್ಲಾದ್ರೂ ಸೋರ್ತಿದೆಯಾ ನೋಡೋಣ ಅಂತ ರಾತ್ರಿ ಮಜ್ಜಿಗೆ ಲೋಟದಲ್ಲಿ ನಾನೇ ನೀರು ಹುಯ್ದಿದ್ದೆ. ಬೆಳಗ್ಗೆ ಅಷ್ಟೊತ್ತಿಗೆ ಮರ್ತೇ ಹೋಯ್ತು. ಮಳೆ ಬಂದಿಲ್ಲ. ತಪ್ಪು ನಂದು."

ಮೂವತ್ತೆಂಟು ವರ್ಷ ಯಾರೂ ಬೊಟ್ಟು ಮಾಡಿ ತೋರಿಸದ ಮನುಷ್ಯ ಹೀಗೆ ತಲೆ ತಗ್ಗಿಸಿ ನಿಂತ. ಮೊದಲು ನಕ್ಕದ್ದು ಸರೋಜಮ್ಮ. ಅವರಿಗೆ ಖುಷಿ, ಅವರ ಬಾಗಿಲಿಗೆ ದೋಷ ಇರಲಿಲ್ಲ. ಆಮೇಲೆ ಬೀದಿಯೇ ನಕ್ಕಿತು. ನಗದೆ ಇದ್ದವರು ಸುಬ್ಬಣ್ಣಗೌಡರು ಒಬ್ಬರೇ. "ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರು ಸುಮ್ನೆ ಹೇಳಿದಾರಾ? ನಿಮ್ಮನ್ನ ನಂಬಿ ಪಂಪು ಬಿಟ್ಟುಕೊಟ್ಟೆನಲ್ಲ ರೈಟ್ರೇ!" ಎಂದು ಹಣೆ ಹಣೆ ಬಡಿದುಕೊಂಡರು. ಅರಳು ಮರಳಿನ ಮಾತು ಕೇಳಿ ಮುದ್ದಮ್ಮನವರು ಒಂದು ಹೆಜ್ಜೆ ಮುಂದೆ ಬಂದರು. ಸಿದ್ದಬಸಪ್ಪನವರು ಕಣ್ಣಲ್ಲೇ ಬೇಡ ಅಂದರು.

"ನಿಮ್ಮ ಜೀಪು ತೆಗೀರಿ ಗೌಡ್ರೇ," ಎಂದರು ಮೆಟ್ಟು ಹಾಕಿಕೊಳ್ಳುತ್ತ. "ಪಂಪು ನಾನು ತಂದುಕೊಡ್ತೀನಿ."

ಪ್ರಸನ್ನಕುಮಾರನ ತೋಟದಲ್ಲಿ ಇನ್ನೂ ಪೈಪು ಎಳೆಯುತ್ತಿದ್ದರು. ಸಿದ್ದಬಸಪ್ಪನವರು ಅವನ ಮುಂದೆಯೂ ನಿಂತು, ಮಜ್ಜಿಗೆ ಲೋಟ, ಸೋರುವ ಗೇಜು, ಮರೆವು ಎಂದು ಅದೇ ಸುಳ್ಳನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಪ್ರಸನ್ನಕುಮಾರ ನಕ್ಕು ನಕ್ಕು ಕೊನೆಗೆ ಪಂಪಿನ ಮೇಲೆಯೇ ಕೂತುಬಿಟ್ಟ. "ತಗೊಂಡು ಹೋಗಿ ರೈಟ್ರೇ. ಈ ನಗುವಿಗೆ ಒಂದಿನ ಕಾಯಬಹುದು," ಎಂದ. ಐದು ಗಂಟೆಯ ಹೊತ್ತಿಗೆ ಗೌಡರ ತೋಟದಲ್ಲಿ ಜೆಟ್ ತಿರುಗಿ, ಮೊಗ್ಗುಗಳ ಮೇಲೆ ನೀರು ಬೀಳತೊಡಗಿತು. ಸಿದ್ದಬಸಪ್ಪನವರು ನಿಂತಲ್ಲೇ ನಾಲ್ಕು ಕಡೆ ಪೈಪು ಸರಿಸಲು ಹೇಳಿಕೊಟ್ಟದ್ದರಿಂದ ನೀರು ಇನ್ನೊಂದು ಸಾಲಿಗೂ ಎಟುಕಿತು. ಗೌಡರ ಮುಖ ಸಡಿಲವಾಯಿತು.

"ಬೈದಿದ್ದು ಮನಸ್ಸಿಗೆ ಹಚ್ಕೋಬೇಡಿ ಮಾರಾಯ್ರೆ. ಇನ್ನೂ ಬೆಳಕಿದೆ, ಎರಡನೇ ಲೈನೂ ಹಾಕ್ಸಿಕೊಟ್ಟು ಹೋಗಿ."

ಸಿದ್ದಬಸಪ್ಪನವರಿಗೆ ಆಸೆಯಾಯಿತು. ಕೈ ತನ್ನಷ್ಟಕ್ಕೇ ಶರ್ಟಿನ ತೋಳು ಮಡಿಸುತ್ತಿತ್ತು. ಅದನ್ನು ಕಂಡು ಅವರೇ ತೋಳನ್ನು ಮತ್ತೆ ಕೆಳಗಿಳಿಸಿಕೊಂಡರು. "ಇಲ್ಲ ಗೌಡ್ರೇ. ಕೆಂಚಯ್ಯನ ಮೇಲೆ ಬಿಡಿ. ನಂಗೆ ಮನೇಲಿ ಕಾಯ್ತಿರ್ತಾರೆ," ಎಂದರು. ಕೆಲಸ ಬಾಕಿ ಇರುವಾಗ, ಹೊತ್ತು ಮುಳುಗುವ ಮೊದಲು, ಅವರು ಒಂದು ತೋಟ ಬಿಟ್ಟು ಮನೆಗೆ ಹೊರಟದ್ದು ಅದೇ ಮೊದಲು.

ಮುದ್ದಮ್ಮನವರು ತಾರಸಿಯ ಮೇಲೆ ರೈನ್ ಗೇಜಿನ ಪಕ್ಕ ಕೂತಿದ್ದರು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಸಿದ್ದಬಸಪ್ಪನವರು ಮಂಡಿ ಹಿಡಿದುಕೊಂಡು ಆಕೆಯ ಎದುರಿಗೆ ಕೂತರು.

"ಎಲ್ಲರ ಎದುರಿಗೆ ನೀವ್ಯಾಕೆ ಹಾಗಂದ್ರಿ? ಮೂವತ್ತೆಂಟು ವರ್ಷದ ಹೆಸರು ಹೋಯ್ತಲ್ಲ."

"ಹೋದ್ರೆ ಹೋಗ್ಲಿ. ಹಾಜರಿ ಪುಸ್ತಕನೇ ಅಟ್ಟದ ಮೇಲಿದೆ, ಹೆಸರು ಇಟ್ಕೊಂಡು ಎಲ್ಲಿ ಬರೀಲಿ?" ಎಂದರು ಸಿದ್ದಬಸಪ್ಪನವರು. "ನೀನ್ಯಾಕೆ ನೀರು ಹುಯ್ದೆ, ಅದು ಹೇಳು."

"ದಿನಾ ಸೊನ್ನೆ ಸೊನ್ನೆ ಅಂತ ಮೆಟ್ಟಿಲು ಇಳೀತಿದ್ರಲ್ಲ, ಅದನ್ನ ನೋಡಕ್ಕಾಗ್ಲಿಲ್ಲ. ಒಂದೈದು ಸೆಂಟಾದ್ರೂ ಬೀಳ್ಲಿ ಅಂತ ಹಾಕ್ದೆ. ಅದು ಇಂಚಾಗುತ್ತೆ ಅಂತ ನಂಗೇನು ಗೊತ್ತು? ಮೂವತ್ತೇಳು ವರ್ಷದಲ್ಲಿ ಒಂದ್ಸಲ ಹತ್ರ ಕೂರ್ಸಿಕೊಂಡು ಹೇಳಿಕೊಟ್ಟಿದೀರಾ?"

ಅದು ನಿಜವಾಗಿತ್ತು. ಸಿದ್ದಬಸಪ್ಪನವರು ಮೇಲೆ ಬರುವಾಗ ತಂದಿದ್ದ ಮಳೆ ಪುಸ್ತಕ ತೆಗೆದು ತೊಡೆಯ ಮೇಲೆ ಬಿಡಿಸಿದರು. ನಲವತ್ತೊಂದು ಸೊನ್ನೆಗಳ ಕೆಳಗೆ ಬೆಳಗ್ಗೆ ಬರೆದ ಸಾಲು ಇತ್ತು.

"ಹೊಡೆದು ಹಾಕಿಬಿಡಿ ಅದನ್ನ," ಎಂದರು ಮುದ್ದಮ್ಮನವರು.

"ನನ್ನ ಪುಸ್ತಕದಲ್ಲಿ ಹೊಡೆದು ಹಾಕಿದ ಸಾಲು ಇಲ್ಲ," ಎಂದು ಅವರು ಷರಾ ಕಾಲಮ್ಮಿನಲ್ಲಿ ಇನ್ನೇನೋ ಬರೆದರು. ಬರೆದು, ಊದಿ, ಪುಸ್ತಕ ಮುಚ್ಚಿದರು.

"ಎಂತ ಬರೆದ್ರಿ?"

"ಆಫೀಸ್ ವಿಷಯ. ನಿಂಗ್ಯಾಕೆ?"

ಮುದ್ದಮ್ಮನವರು ಪುಸ್ತಕ ಕಿತ್ತುಕೊಂಡು, ಇಳಿಬಿಸಿಲಿಗೆ ಹಿಡಿದು, ಅಕ್ಷರ ಅಕ್ಷರವಾಗಿ ಓದಿದರು. 'ಗಾಳಿ ಸಹಿತ' ಎಂಬುದರ ಮುಂದೆ ದುಂಡಗೆ ಬರೆದಿತ್ತು: 'ನಮ್ಮ ಮನೆಗೆ ಮಾತ್ರ.'

ಆಕೆ ಅದನ್ನು ಇನ್ನೊಮ್ಮೆ ಓದಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದರು.

"ಬಿಸಿಲಲ್ಲಿ ಸುತ್ತಿ ಬಂದಿದೀರಿ. ಮಜ್ಜಿಗೆ ತರ್ಲಾ?"

"ತಾ. ನಿಂಗೂ ತಾ. ಇಲ್ಲೇ ಕೂತು ನಿಧಾನಕ್ಕೆ ಕುಡಿಯೋಣ."

"ಎಷ್ಟು ತರ್ಲಿ?"

ಸಿದ್ದಬಸಪ್ಪನವರು ಗೇಜಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಅಳೆದು ತೂಗಿ ಹೇಳಿದರು.

"ಒಂದು ಇಂಚು ಎಂಟು ಸೆಂಟು."